ಬೆಂಕಿ ಚೀಟಿ

...ಅಲ್ಲಲ್ಲ, ಆ ಡ್ರಮ್ಮಿನ ಮೇಲೆ ಕೂರ್ಬೇಡ ಕಣೋ, ಎಣ್ಣೆ! ಪ್ಯಾಂಟೆಲ್ಲಾ ಹಾಳಾಗುತ್ತೆ. ಈ ಕಡೆ ಬಾ, ಸ್ಟೂಲಿದೆ. ಒರೆಸಿ ಇಟ್ಟಿದೀನಿ ನೋಡು. ನೀನು ಹೊರಟಿದೀಯ ಅಂತ ನಿನ್ನ ಹೆಂಡ್ತಿ ಫೋನ್ ಮಾಡಿದ್ಲು, ಆಗ್ಲೇ ಒರೆಸಿದೆ. ಕೂತ್ಕೋ. ಬಾಗಿಲಲ್ಲಿ ನಿಂತ್ಕೊಂಡೇ ಮಾತಾಡೋಕೆ ನಾನೇನು ಬ್ಯಾಂಕಿನ ಮ್ಯಾನೇಜರಾ? ಅಕ್ಕ ಕಣೋ ನಾನು, ನಿನ್ನ ಒಡಹುಟ್ಟಿದ ಅಕ್ಕ!

ಆ ಕಪ್ಪು ಕನ್ನಡಕ ಯಾಕೆ? ತೆಗಿ. ನನ್ನ ಹತ್ರ ಎಂಥಾ ಮುಚ್ಚುಮರೆ... ತೆಗೀತೀಯೋ ಇಲ್ವೋ? ಹಾಂ, ಹಂಗೆ... ಅಯ್ಯೋ. ಇಲ್ಲ, ಇಲ್ಲ, ಏನಿಲ್ಲ. ಚೆನ್ನಾಗೇ ವಾಸಿಯಾಗಿದೆ. ಹೊಲಿಗೆ ಗೊತ್ತೇ ಆಗಲ್ಲ. ಹಾಕ್ಕೋ, ಹಾಕ್ಕೋ ಕನ್ನಡಕ. ಇಲ್ಲಿ ಧೂಳು ಜಾಸ್ತಿ.

ಚಹಾ ತರಿಸ್ಲಾ? ಬೇಡ್ವಾ? ನೀನು ಚಹಾ ಬೇಡ ಅಂದಿದ್ದು ನಾನು ಇವತ್ತೇ ಕಂಡಿದ್ದು. ಇರ್ಲಿ, ಆಮೇಲೆ ಕುಡಿಯೋಣ... ಆ ಗುಡ್ಡೆ ನೋಡಿದ್ಯಾ? ಫ್ರಿಜ್ಜಿನ ಕಂಪ್ರೆಸರ್ ಅರವತ್ತರ ಮೇಲಿದೆ, ಎ.ಸಿ.ದು ಹದಿನಾಲ್ಕು. ಎಲ್ಲಾ ಹಂಗೇ ಬಿದ್ದಿದೆ. ನೀನು ಆಸ್ಪತ್ರೆ ಸೇರಿದ ಮೇಲೆ ಕೊಯ್ಯೋಕೆ ಅಂತ ಒಬ್ಬ ಮಹಾರಾಜ ಬಂದ. ಮೂರು ದಿನ ಇದ್ದ. ಗ್ರೈಂಡರ್ ಹಿಡಿಯೋ ಗತ್ತು ನೋಡ್ಬೇಕಿತ್ತು ನೀನು! ನಡುವಿನ ಬೆಸುಗೆ ಗೆರೆ ಹಿಡ್ಕೊಂಡು ಸುತ್ತ ಕೊಯ್ಯಪ್ಪಾ, ಡಬ್ಬಿ ಮುಚ್ಚಳ ತೆಗೆದಂಗೆ ಬರುತ್ತೆ ಅಂದ್ರೆ, "ಎಲ್ಲಿ ಕೊಯ್ದ್ರೇನಕ್ಕ, ತಾಮ್ರ ತಾಮ್ರಾನೇ ಅಲ್ವಾ" ಅಂದ. ತಲೆ ಮೇಲಿಂದ ಸೀಳಿದ ನೋಡು... ಬ್ಲೇಡು ನೇರ ಒಳಗಿನ ಸುರುಳಿಗೆ. ತಾಮ್ರ ಎಲ್ಲ ಕೂದಲು ಕತ್ತರಿಸಿದಂಗೆ ನೆಲದ ತುಂಬ! ಮೂರು ದಿನ ಪೊರಕೆ ಹಿಡ್ಕೊಂಡು ತಾಮ್ರ ಗುಡಿಸಿದೀನಿ ನಾನು.

ಯಾಕೆ ನಗ್ತೀಯಾ? ನಕ್ಕೆ, ನೋಡ್ದೆ ನಾನು. ಮೀಸೆ ಅಲ್ಲಾಡ್ತು.

ಇನ್ನೊಂದು ಕೇಳು. ಅದೇ ಮಹಾರಾಜ ಹನ್ನೊಂದು ಕೊಯ್ದು, ಸುರುಳಿ ಎಲ್ಲಾ ಕಿತ್ತು, ಕೆಂಪಗೆ ಹೊಳೀತಿದೆ ಅಂತ ಚೀಲಕ್ಕೆ ತುಂಬಿ, ಎದೆ ಉಬ್ಬಿಸ್ಕೊಂಡು ನಿಂತ. ನಾನು ಒಂದು ಎಳೆ ತಗೊಂಡು ಬ್ಲೇಡಲ್ಲಿ ಕೆರೆದೆ. ಒಳಗೆ ಬೆಳ್ಳಗೆ! ಮೇಲೆ ಬಣ್ಣದ ವಾರ್ನಿಶ್, ಒಳಗೆ ಅಲ್ಯುಮಿನಿಯಂ. ಹನ್ನೊಂದರಲ್ಲಿ ಏಳು ಹಂಗೇ! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ ಜನ, ನಮ್ಮ ಕಸುಬಲ್ಲಿ ಕೆಂಪಗಿರೋದೆಲ್ಲ ತಾಮ್ರ ಅಲ್ಲ. ನೀನಾಗಿದ್ರೆ? ಕೊಯ್ಯೋದಿರ್ಲಿ, ಒಂದ್ಸಲ ಎತ್ತಿ ನೋಡಿ, ಬೆರಳಲ್ಲಿ ಟಕ್ ಟಕ್ ಅಂತ ಬಡಿದು, "ಇದು ಬಿಳಿ ಹೊಟ್ಟೆ ಅಕ್ಕ" ಅಂತ ಪಕ್ಕಕ್ಕೆ ತಳ್ತಿದ್ದೆ. ಈ ಬೀದಿ ನಿನ್ನ ಡಾಕ್ಟ್ರು ಡಾಕ್ಟ್ರು ಅಂತ ಸುಮ್ನೆ ಕರೀತಿತ್ತಾ?

...ಈಗಲೂ ಕರೀತಾರೆ ಬಿಡು. ಕರೀದೆ ಏನು.

ಅಲ್ಲ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನೆ ಎದುರು ಶೆಡ್ಡಿನ ಆ ಡೊಳ್ಳು ಹೊಟ್ಟೆಯವನ ಹತ್ರ ಕೆಲಸ ಕೇಳೋಕೆ ಹೋಗಿದ್ದೆಯಂತೆ? ನಿಜವಾ? ತಲೆ ತಗ್ಗಿಸ್ಬೇಡ, ಹೇಳು. ಅಕ್ಕನ ಶೆಡ್ಡು ಇಲ್ಲಿರೋವಾಗ ರಸ್ತೆ ದಾಟಿ ಅವನ ಮುಂದೆ ಕೈ ಕಟ್ಕೊಂಡು ನಿಂತ್ಯಾ? ಅವನು ಏನಂದ ಅನ್ನೋದೂ ಗೊತ್ತಾಯ್ತು. ಗೋಡೆಗೂ ಕಿವಿ ಇದೆ ಅಂತಾರೆ, ಈ ಬೀದೀಲಿ ಗೋಡೆ ಎಲ್ಲಿದೆ, ಎಲ್ಲಾ ತಗಡೇ. "ಒಂದು ಕಣ್ಣು ಹೋಗಿದ್ದಕ್ಕಲ್ಲಪ್ಪ, ಬೆಂಕಿ ಚೀಟಿ ನೋಡದೆ ಕೊಯ್ಯೋನನ್ನ ಇಟ್ಕೊಂಡ್ರೆ ನನ್ನ ಶೆಡ್ಡೇ ಹಾರಿಹೋಗುತ್ತೆ" ಅಂದನಂತೆ! ಎಂಥಾ ಮಾತು! ನಾಲಿಗೆಗೆ ಎಲುಬಿಲ್ಲ ನೋಡು. ಹೊಸ ಕಂಪ್ರೆಸರ್ ಮೇಲೆ ಅಂಟಿಸಿರೋ ಆ ಹಳದಿ ತ್ರಿಕೋನದ ಚೀಟಿ, ಅದರ ನಡುವಿನ ಕಪ್ಪು ಜ್ವಾಲೆ, ಅದು ಏನು ಅಂತ ಅವನಿಗೆ ತೋರಿಸಿಕೊಟ್ಟಿದ್ದೇ ನೀನು. "ಹಳೇ ಫ್ರಿಜ್ಜಿನ ಗ್ಯಾಸ್ ಬೆಂಕಿ ಹತ್ತಲ್ಲ ಅಣ್ಣ, ಹೊಸದರಲ್ಲಿರೋದು ಒಲೆ ಗ್ಯಾಸಿನ ತಮ್ಮ. ಬಯಲಿಗೆ ಒಯ್ದು, ಪೈಪು ಕತ್ತರಿಸಿ, ಒಂದು ರಾತ್ರಿ ಪೂರ್ತಿ ಗಾಳಿಗೆ ಬಿಟ್ಟು, ಆಮೇಲೆ ಕೊಯ್ಯಿ" ಅಂತ... ಇದೇ ಬಾಗಿಲಲ್ಲಿ ನಿಂತ್ಕೊಂಡು ಹೇಳಿಕೊಟ್ಟೆ. ಈಗ ಅವನು ನಿಂಗೆ ಪಾಠ ಹೇಳ್ತಾನೆ.

ನಾನು ಸುಮ್ನೆ ಬಿಟ್ಟೆ ಅಂದ್ಕೊಂಡ್ಯಾ? ಹೋಗಿ ಮುಖದ ಮೇಲೆ ಹೇಳಿ ಬಂದೆ. ತಪ್ಪು ನನ್ನ ತಮ್ಮಂದಲ್ಲ, ಆ ಮಾಲು ತಂದ ಗಾಡಿಯವನದು ಅಂದೆ. ಅವನು ತಂದಾಗ್ಲೇ ಚೀಟಿ ಇರ್ಲಿಲ್ಲ ಅಂದೆ.

...ಯಾಕೆ ಹಂಗೆ ನೋಡ್ತೀಯಾ? ಗಾಡಿಯವನೇ ತಾನೇ ತಂದಿದ್ದು? ತನ್ನ ಗಾಡಿಗೆ ಎಣ್ಣೆ ಸೋರಬಾರದು ಅಂತ ಪೈಪಿನ ಬಾಯಿ ಸುತ್ತಿಗೇಲಿ ಬಡಿದು ಚಪ್ಪಟೆ ಮಾಡಿ ತರ್ತಾನೆ, ಗ್ಯಾಸ್ ಒಳಗೇ ಉಳ್ಕೊಳ್ಳುತ್ತೆ. ಚೀಟಿ ಅಂದ್ರೆ ಏನು, ಕಾಗದ. ಬಿಸಿಲಿಗೆ ಒಣಗುತ್ತೆ, ಮಳೆಗೆ ಉದುರುತ್ತೆ. ಒಂದಾ ಎರಡಾ, ಆವತ್ತು ಕೊಯ್ಯೋಕಿದ್ದ ಒಂಬತ್ತರದ್ದೂ ಉದುರಿತ್ತು. ಒಂಬತ್ತೂ ಒಟ್ಟಿಗೆ ಹೇಗೆ ಉದುರುತ್ತೆ ಅಂತೀಯಾ? ಉದುರುತ್ತೆ ಕಣೋ! ಗೋಂದು ಸರಿ ಇರಲ್ಲ ಈಗಿನ ಕಾಲದಲ್ಲಿ. ಒಂದೇ ಕಂಪನಿ ಮಾಲು, ಒಂದೇ ಗೋಂದು... ನೀನು ಕೇಳ್ಲೇ ಇಲ್ಲ, ನಾನೇ ಹೇಳ್ತಿದೀನಿ ನೋಡು.

ಇರ್ಲಿ. ಬೇರೆ ಮಾತಾಡೋಣ.

ಕಾರ್ಮಿಕ ಇಲಾಖೆ ಅಧಿಕಾರಿ ಬಂದಿದ್ರಲ್ಲ, ಫೈಲು ಹಿಡ್ಕೊಂಡು, ನಿನ್ನ ಹತ್ರ ಆಸ್ಪತ್ರೆಗೆ ಬರೋ ಮುಂಚೆ ಇಲ್ಲಿಗೇ ಬಂದ್ರು. ಸುಟ್ಟ ತಗಡು ನೋಡಿದ್ರು, ಫೋಟೋ ತೆಗೆದ್ರು. "ಹೇಗಾಯ್ತಮ್ಮ?" ಅಂದ್ರು. ನಾನು ಏನು ಹೇಳ್ಲಿ? ಗೊತ್ತಿಲ್ಲ ಸಾರ್ ಅಂದೆ... ನಮ್ಮ ತಮ್ಮನಿಗೆ ಸ್ವಲ್ಪ ಅವಸರ ಅಂದೆ. ಅಷ್ಟೇ! ಸ್ವಲ್ಪ ಅಂದೆ. ಆಮೇಲೆ ನೀನೇ ಹೇಳಿದ್ಯಂತಲ್ಲ, ಆ ಬೆಳಿಗ್ಗೆಯದು ಏನೂ ನೆನಪಿಲ್ಲ ಅಂತ. ಡಾಕ್ಟರೂ ಹೇಳಿದ್ರು, ತಲೆಗೆ ಅಷ್ಟು ಜೋರಾಗಿ ಏಟು ಬಿದ್ರೆ ಹಂಗಾಗುತ್ತಂತೆ, ಒಂದು ದಿನ ಪೂರ್ತಿ ಅಳಿಸಿಹೋಗುತ್ತಂತೆ. ಅದಕ್ಕೇ ಅವರು 'ಕೆಲಸಗಾರನ ಅಜಾಗರೂಕತೆ' ಅಂತ ಬರ್ಕೊಂಡು ಫೈಲು ಮುಚ್ಚಿಬಿಟ್ರು. ನಾನು ಬರೀರಿ ಅಂದ್ನಾ? ಅವರ ಪೆನ್ನು, ಅವರ ಕಾಗದ.

ಹಂಗೆ ಬರೆದಿದ್ರಿಂದ ನಿನ್ನ ಕಣ್ಣಿಗೆ ಪರಿಹಾರ ಇಲ್ಲ, ಗೊತ್ತು. ಯಾವ ಶೆಡ್ಡೂ ಗ್ರೈಂಡರ್ ಕೊಡಲ್ಲ, ಅದೂ ಗೊತ್ತು. ಅದಕ್ಕೇ ತಾನೇ ನಾನು ಹೇಳ್ತಿರೋದು, ನಾನಿಲ್ವಾ? ಇಲ್ಲಿಗೇ ಬಾ. ಗ್ರೈಂಡರ್ ಬೇಡ. ಈ ಮೂಲೇಲಿ ನೆರಳಿದೆ, ಫ್ಯಾನ್ ಹಾಕಿಸ್ತೀನಿ. ಕೂತ್ಕೊಂಡು ಬೇರ್ಪಡಿಸು, ತಾಮ್ರ ಈ ಕಡೆ, ಬಿಳಿ ಆ ಕಡೆ, ಕಬ್ಬಿಣ ಹೊರಗೆ. ಯಜಮಾನನ ಹಂಗೆ ಕೂತ್ಕೊಳ್ಳೋ ಕೆಲಸ... ಬೇಡ್ವಾ? ತಲೆ ಅಲ್ಲಾಡಿಸ್ತೀಯಾ? ಅಯ್ಯೋ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯೇನೋ? ಬಂದಾಗಿನಿಂದ ಒಂದು ಮಾತಾಡಿಲ್ಲ!

ಅಮ್ಮ ಹೋದಾಗ ನಿಂಗೆ ಆರು ವರ್ಷ. ನಂಗೆ ಹದಿನೇಳು. ಆವತ್ತೂ ಹಿಂಗೇ, ನಾಲ್ಕು ದಿನ ಬಾಯಿ ಬಿಡ್ಲಿಲ್ಲ ನೀನು. ಐದನೇ ದಿನ "ಅಕ್ಕ, ಹಸಿವು" ಅಂದೆ. ಅವತ್ತಿಂದ ನಿನ್ನ ಹಸಿವು ನನ್ನ ಹಸಿವು ಅಂದ್ಕೊಂಡೇ ಬದುಕಿದೀನಿ. ಮೊದಲನೇ ಕಂಪ್ರೆಸರ್ ನೆನಪಿದ್ಯಾ? ಪಕ್ಕದ ಮನೆಯೋರು ಎಸೆದ ಫ್ರಿಜ್ಜು. ಗ್ರೈಂಡರ್ ಎಲ್ಲಿತ್ತು ಆಗ, ಸುತ್ತಿಗೆ, ಉಳಿ, ಎರಡು ದಿನ ಬಡಿದ್ವಿ. ಮೂರನೇ ದಿನ ಬಾಯಿ ಬಿಡ್ತು. ಒಳಗೆ ಕರಿ ಎಣ್ಣೆ ಮಧ್ಯೆ ಆ ಸುರುಳಿ! "ಅಕ್ಕ, ಚಿನ್ನ!" ಅಂತ ಕಿರುಚಿದೆ. ಶ್, ಯಾರಾದ್ರೂ ಕೇಳಿಸ್ಕೊಂಡಾರು ಅಂತ ನಿನ್ನ ಬಾಯಿ ಮುಚ್ಚಿದೆ ನಾನು, ಎಣ್ಣೆ ಕೈಯಲ್ಲೇ. ಮೀಸೆ ಬಂದಂಗಿತ್ತು ನಿಂಗೆ.

ಆ ನೆನಪೆಲ್ಲಾ ಇದೆ ಅಲ್ವಾ? ಹಾಂ... ಹಳೇದೆಲ್ಲಾ ಇರುತ್ತೆ. ಆ ಒಂದು ಬೆಳಿಗ್ಗೆ ಮಾತ್ರ ಇಲ್ಲ. ಒಳ್ಳೇದೇ ಆಯ್ತು ಅಂತೀನಿ ನಾನು, ಅಂಥ ನೋವು ನೆನಪಿಟ್ಕೊಂಡು ಏನು ಮಾಡ್ಬೇಕು?

ಎಲ್ಲಿಗೆ ಎದ್ದೆ? ಓ, ಅವಾ... ಅದು ಇವತ್ತು ಕೊಯ್ಯೋಕೆ ಇಟ್ಟಿರೋ ಸಾಲು. ಸಂಜೆ ಯಾರೋ ಒಬ್ಬ ಬರ್ತೀನಿ ಅಂದಿದಾನೆ. ಎತ್ತಬೇಡ, ಭಾರ ಎತ್ತಬೇಡ ಅಂದಿದಾರೆ ಡಾಕ್ಟರು! ಕೇಳಲ್ಲ ನೀನು. ಎತ್ತು... ಏನು ಹುಡುಕ್ತಿದೀಯಾ? ಚೀಟಿನಾ? ಕಿತ್ತಾಗಿದೆ ಕಣೋ. ನಮ್ಮ ಶೆಡ್ಡಿನ ಪದ್ಧತಿ ನಿಂಗೆ ಗೊತ್ತಿಲ್ವಾ, ನಾವಿಬ್ರೂ ಸೇರಿ ಮಾಡಿದ್ದು ತಾನೇ... ಗಾಳಿಗೆ ಬಿಡೋವರೆಗೂ ಚೀಟಿ ಮುಟ್ಟಬಾರದು, ಬಿಟ್ಟಾದ ಮೇಲೆ ಕೀಳೋದು. ಚೀಟಿ ಇಲ್ಲ, ಪೈಪು ಕತ್ತರಿಸಿದೆ ಅಂದ್ರೆ ಕಣ್ಣು ಮುಚ್ಕೊಂಡು ಕೊಯ್ಯಬಹುದು...

ಅಯ್ಯೋ, ನನ್ನ ಬಾಯಿ! ಕಣ್ಣು ಅಂತ... ಬೇಕೂಂತ ಅಂದಿದ್ದಲ್ಲ ಕಣೋ.

ಅಲ್ಲಾಡಿಸಿ ಕಿವಿ ಇಡ್ತೀಯಾ? ಪೈಪಿಗೆ ಬೆರಳು ಹಾಕಿ ನೋಡ್ತೀಯಾ? ಇದೇನಿದು ಹೊಸ ಅನುಮಾನ? ಯಾವತ್ತೂ ನೋಡ್ತಿರ್ಲಿಲ್ಲ ನೀನು. ಬಿಟ್ಟಿದೀನಿ ಕಣೋ! ನಿನ್ನೆ ಸಂಜೆನೇ ನಾನೇ ಬಿಟ್ಟೆ, ನೀನು ಕೊಯ್ಯಿ...

...

ಯಾಕೆ ಕೆಳಗಿಟ್ಟೆ?

ಏನೋ? ಯಾಕೆ ಹಂಗೆ ನಿಂತೆ? ನಾನು ಏನಂದೆ ಈಗ... ಸುಮ್ನೆ ಅಂದೆ. ಮಾತಿಗೆ ಅಂದೆ. ನೀನು ಕೊಯ್ಯಿ ಅಂದ್ರೆ... ನೀನಲ್ಲ, ಆ ಬರೋನು...

ನಿಂಗೆ ನೆನಪಿದೆ.

ನೆನಪಿದೆ ಅಲ್ವಾ? ಆವತ್ತು ನಾನಂದಿದ್ದೂ ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಹೌದು ಅನ್ನು, ಇಲ್ಲ ಅನ್ನು! ಬೈಯಿ! ಆ ಸುತ್ತಿಗೆ ತಗೊಂಡು ಎಸಿ ನನ್ನ ಮೇಲೆ! ಹಂಗೆ ನಿಂತ್ಕೊಂಡು ನೋಡ್ಬೇಡ ಕಣೋ...

ಸರಿ. ಕೇಳು. ನಿಂಗೆ ಅರ್ಧ ಗೊತ್ತು, ಉಳಿದರ್ಧ ನಾನು ಹೇಳ್ತೀನಿ. ಆವತ್ತು ತಾಮ್ರದ ದರ ಈ ಬೀದಿ ಯಾವತ್ತೂ ಕಾಣದಷ್ಟು ಏರಿತ್ತು. ಸಗಟು ವ್ಯಾಪಾರಿ ಲಾರಿ ಮಧ್ಯಾಹ್ನಕ್ಕೇ ಬರುತ್ತೆ, ನಾಳೆ ದರ ಬೀಳುತ್ತೆ ಅಂದ. ಕೊಯ್ಯೋಕೆ ಉಳಿದಿದ್ದು ಆ ಒಂಬತ್ತೇ, ಎಲ್ಲದರ ಮೇಲೂ ಬೆಂಕಿ ಚೀಟಿ. ಕೊಯ್ಯೋ ಅಂತ ಕೇಳಿದ್ರೆ ನೀನು ಕೊಯ್ತಿದ್ಯಾ? ಲಾರಿ ಬಂದ್ರೆ ಬರ್ಲಿ ಹೋದ್ರೆ ಹೋಗ್ಲಿ ಅಕ್ಕ, ನಾಳೆ ಕೊಯ್ತೀನಿ ಅಂತಿದ್ದೆ. ನಂಗೆ ಗೊತ್ತು ನಿನ್ನ. ನೀನು ಬ್ಲೇಡು ತರೋಕೆ ಅಂಗಡಿಗೆ ಹೋದೆ ನೋಡು, ಆವಾಗ... ನಾನು ಸೀಮೆಎಣ್ಣೆ ಬಟ್ಟೆ ತಗೊಂಡು ಕೂತೆ. ಒಂದೊಂದೇ ಉಜ್ಜಿ ಉಜ್ಜಿ ಕಿತ್ತೆ. ಪೈಪನ್ನೂ ಕತ್ತರಿಸ್ದೆ ಕಣೋ, ದೇವರಾಣೆ ಕತ್ತರಿಸ್ದೆ! ಬುಸ್ ಅಂತು. ಹೋಯ್ತು, ಗ್ಯಾಸೆಲ್ಲಾ ಹೋಯ್ತು ಅಂದ್ಕೊಂಡೆ. ಎಣ್ಣೆಯೊಳಗೆ ಅಡಗಿ ಕೂತಿರುತ್ತೆ, ಬಿಸಿ ಆದ್ರೆ ಮತ್ತೆ ಬರುತ್ತೆ, ಅದಕ್ಕೇ ಒಂದು ರಾತ್ರಿ ಪೂರ್ತಿ ಬೇಕು ಅಂತ ನೀನು ನೂರು ಸಲ ಹೇಳಿದ್ದೆ. ನೂರು ಸಲವೂ ಕೇಳಿಸ್ಕೊಂಡಿದ್ದೆ. ಗೊತ್ತಿರ್ಲಿಲ್ಲ ಅಂತ ಹೇಳೋಕೂ ಬಾಯಿಲ್ಲ ನಂಗೆ.

ನೀನು ಬಂದೆ. ಸಾಲು ನೋಡ್ದೆ. ಚೀಟಿ ಇಲ್ಲ, ಪೈಪು ತೆರೆದಿದೆ. "ಯಾವಾಗ ಬಿಟ್ಟೆ ಅಕ್ಕ?" ಅಂದೆ. ಒಂದೇ ಒಂದು ಪ್ರಶ್ನೆ ಕೇಳ್ದೆ ನೀನು. ನಿನ್ನೆ ಸಂಜೆನೇ ನಾನೇ ಬಿಟ್ಟೆ, ನೀನು ಕೊಯ್ಯಿ, ಅಂದೆ ನಾನು. ನೀನು ಅಲ್ಲಾಡಿಸಿ ನೋಡ್ಲಿಲ್ಲ. ಬೆರಳಿಟ್ಟು ನೋಡ್ಲಿಲ್ಲ. ಅಕ್ಕ ಹೇಳಿದ್ಲಲ್ಲ! ಮೊದಲನೇದು ಬಂತು, ಎರಡನೇದು ಬಂತು, ಮೂರನೇದು... ನೋಡು, ಏನೂ ಆಗ್ಲಿಲ್ಲ, ಸುಮ್ನೆ ಹೆದರಿದ್ದೆ ಅಂತ ನಾನು ಒಳಗೊಳಗೇ ನಕ್ಕೆ ಕಣೋ. ನಕ್ಕೆ! ಲಾರಿಗೆ ಫೋನ್ ಮಾಡೋಣ ಅಂತ ಈ ಕಡೆ ತಿರುಗಿದೆ. ನಾಲ್ಕನೇದು...

ಆಸೆ ಕಣೋ. ಬೇರೆ ಏನೂ ಇಲ್ಲ, ಬರೀ ಆಸೆ. ಮನೇಲಿ ಅನ್ನಕ್ಕಿಲ್ಲ ಅಂತಲ್ಲ, ಸಾಲಗಾರರು ಬಾಗಿಲಲ್ಲಿ ಕೂತಿದ್ರು ಅಂತಲ್ಲ. ಇದ್ದಿದ್ರೆ ಅದನ್ನಾದ್ರೂ ಹೇಳ್ಕೊಳ್ತಿದ್ದೆ.

ಆದ್ರೆ ನೀನು... ನೆನಪಿದ್ದೂ ಯಾಕೆ ಹಂಗೆ ಹೇಳ್ದೆ ಅವರ ಹತ್ರ? ಏನೂ ನೆನಪಿಲ್ಲ ಅಂತ? ನನ್ನ ಉಳಿಸೋಕಾ? ಮುಖ ತಿರುಗಿಸ್ಬೇಡ. ಉಳಿಸೋಕೆ ಅಂತಾದ್ರೆ ಇವತ್ತು ಯಾಕೆ ಬಂದೆ? ಕೆಲಸ ಬೇಡ, ಚಹಾ ಬೇಡ, ಕೂರೋಕೂ ಇಷ್ಟ ಇಲ್ಲ...

ಓ.

ನಾನೇ ಹೇಳ್ತೀನಿ ಅಂತ ಕಾದೆಯಾ?

ಆಸ್ಪತ್ರೆ ಹಾಸಿಗೆ ಮೇಲೆ ಮಲಗಿ... ಅಕ್ಕ ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ? ನಾನು ದಿನಾ ಬರ್ತಿದ್ದೆ, ಹಣ್ಣು ಹೆಚ್ಚಿ ತಿನ್ನಿಸ್ತಿದ್ದೆ, ಗಾಡಿಯವನಿಗೆ ಶಾಪ ಹಾಕ್ತಿದ್ದೆ. ನೀನು ಬಾಯಿ ತೆರೆದು ಹಣ್ಣು ತಿಂತಿದ್ದೆ, ಅಷ್ಟೂ ಗೊತ್ತಿದ್ದು... ಅಯ್ಯೋ, ನಾನು ಎಂಥಾ ಹೆಂಗಸು!

ಕ್ಷಮಿಸೋ. ಹೊಟ್ಟೆಗೆ ಹಾಕ್ಕೋ. ಈ ಶೆಡ್ಡಲ್ಲಿ ಅರ್ಧ ನಿನ್ನ ಹೆಸರಿಗೆ ಬರೀತೀನಿ. ಅರ್ಧ ಏನು, ಪೂರ್ತಿ ತಗೋ. ನಾನು ಕಸ ಗುಡಿಸ್ಕೊಂಡಿರ್ತೀನಿ... ಅದೂ ಬೇಡ್ವಾ? ಮತ್ತೆ ಏನು ಬೇಕು ನಿಂಗೆ? ನಿನ್ನ ಹೆಸರು ಬೇಕು. ಅಲ್ವಾ? ಚೀಟಿ ನೋಡಿ ಕೊಯ್ಯೋನು ಅನ್ನೋ ಹೆಸರು.

ಆಯ್ತು. ಕೊಡಿಸ್ತೀನಿ. ಆ ಆಫೀಸಿಗೆ ನಾನೇ ಹೋಗ್ತೀನಿ. ಚೀಟಿ ಕಿತ್ತಿದ್ದು ನಾನು, ಸುಳ್ಳು ಹೇಳಿದ್ದು ನಾನು, ಬರ್ಕೊಳ್ಳಿ ಅಂತೀನಿ. ಆ ಡೊಳ್ಳು ಹೊಟ್ಟೆಯವನ ಮುಂದೆ, ಇಡೀ ಬೀದಿ ಮುಂದೆ ಹೇಳ್ತೀನಿ. ಶೆಡ್ಡಿಗೆ ಬೀಗ ಹಾಕ್ತಾರೆ, ಹಾಕ್ಲಿ. ಕೇಸು ಹಾಕ್ತಾರೆ, ಹಾಕ್ಲಿ. ಈ ವಯಸ್ಸಲ್ಲಿ ಅಕ್ಕ ಕೋರ್ಟು ಮೆಟ್ಟಿಲು ಹತ್ತಲಿ... ಹೋಗೇ ಹೋಗ್ತೀನಿ. ನಾಳೆ ಬೆಳಿಗ್ಗೆನೇ.

ಕೇಳಿಸ್ತಾ? ನಾಳೆ ಹೋಗ್ತೀನಿ ಅಂದೆ.

...ಏನಾದ್ರೂ ಅನ್ನೋ.

ಬೇಡ ಅನ್ನಲ್ವಾ?

ಹೋಗಬೇಡ ಅಕ್ಕ, ಆಗಿದ್ದಾಯ್ತು, ಬಿಡು... ಅಷ್ಟೇ ಕಣೋ, ನಾಲ್ಕು ಮಾತು. ಯಾವತ್ತೂ ಅಂತಿದ್ದೆ ನೀನು. ನಾನು ಸ್ವಲ್ಪ ಕಣ್ಣೀರು ಹಾಕಿದ್ರೆ ಸಾಕು, ಬಿಡು ಅಕ್ಕ ಅಂತಿದ್ದೆ... ಅನ್ನಲ್ವಾ?

ಅಂತೀಯ ಅಂತಲೇ ಹೇಳಿದ್ದು ನಾನು. ಇಷ್ಟು ಹೊತ್ತು ಅತ್ತಿದ್ದು, ಶೆಡ್ಡು ಬರ್ಕೊಡ್ತೀನಿ ಅಂದಿದ್ದು, ಎಲ್ಲಾನೂ. ನೀನು ಬೇಡ ಅಂತೀಯ, ಮಾತು ಅಲ್ಲಿಗೇ ಮುಗಿಯುತ್ತೆ ಅಂತ. ನಾಳೆ ಅಂದಿದ್ದೂ ಅದಕ್ಕೇ.

...

ಆಫೀಸು ಎಷ್ಟೊತ್ತಿಗೆ ಮುಚ್ತಾರೆ? ಐದಕ್ಕಾ? ಈಗ ಮೂರೂವರೆ... ಇರು. ಕೈ ತೊಳ್ಕೊಂಡು ಬರ್ತೀನಿ.